ಅತ್ತೆ ನನ್ನನ್ನು ‘ಹಝೂಲಾ’ ಅಂದರು: ಗ್ರೀಕರ ಮುದ್ದಿನ ಬೈಗುಳಗಳ ಬಗ್ಗೆ ಗೊತ್ತಿರುವವರು ಹೇಳಿ

ಕಿಪ್ಸೇಲಿ ಸೊಸೆ

ಎಲ್ಲರಿಗೂ ನಮಸ್ಕಾರ. ಮದುವೆಯಾಗಿ ಅಥೆನ್ಸ್‌ಗೆ ಬಂದು ಎಂಟು ತಿಂಗಳಾಯಿತು. ಕಿಪ್ಸೇಲಿ ಬಡಾವಣೆಯಲ್ಲಿ ಮನೆ. ಅತ್ತೆ ಇರುವುದು ಮೇಲಿನ ಮಹಡಿಯಲ್ಲೇ. ನನಗೆ ಗ್ರೀಕ್ ಅರ್ಧಂಬರ್ಧ ಬರುತ್ತದೆ. ಅಂಗಡಿ, ಬಸ್ಸು, ಡಾಕ್ಟರ್ ಹತ್ತಿರ ಹೇಗೋ ಆಗುತ್ತದೆ. ಮನೆಮಾತು ಮಾತ್ರ ಕೈಗೆ ಸಿಗುವುದಿಲ್ಲ.

ಹೋದ ವಾರ ಒಲೆ ಮೇಲೆ ಬ್ರೀಕಿ ಇಟ್ಟಿದ್ದೆ. ಬ್ರೀಕಿ ಅಂದರೆ ಇಲ್ಲಿ ಕಾಫಿ ಕಾಯಿಸುವ ಉದ್ದ ಹಿಡಿಯ ಪುಟ್ಟ ಪಾತ್ರೆ. ಅಷ್ಟರಲ್ಲಿ ತುಮಕೂರಿನಿಂದ ಅಮ್ಮನ ಫೋನ್ ಬಂತು. ಮಾತಾಡುತ್ತಾ ಮೈಮರೆತೆ. ಕಾಫಿ ಉಕ್ಕಿ ಒಲೆಯೆಲ್ಲ ಗಸಿ. ಅತ್ತೆ ಬಂದು ನೋಡಿ, ‘ವ್ರೆ ಹಝೂಲಾ!’ ಅಂದು, ಬಟ್ಟೆ ತಗೊಂಡು ಒರೆಸಲು ಶುರು ಮಾಡಿದರು. ನಾನು ರೂಮಿಗೆ ಹೋಗಿ ನಿಘಂಟು ನೋಡಿದೆ. ‘ಹಝೋಸ್’ ಅಂದರೆ ದಡ್ಡ, ಮೂರ್ಖ ಅಂತ ಇತ್ತು. ರಾತ್ರಿ ನಿದ್ದೆ ಬರಲಿಲ್ಲ. ನನ್ನ ಗಂಡನನ್ನು ಕೇಳಿದರೆ, ‘ಅಯ್ಯೋ, ಅಮ್ಮ ನಿನ್ನನ್ನು ಮನೆಯವಳು ಅಂದುಕೊಂಡರು ಅಂತ ಅರ್ಥ’ ಅನ್ನುತ್ತಾರೆ.

ಇದು ನಿಜವಾ? ಮುದ್ದಿನ ಬೈಗುಳ ಯಾವುದು, ಮನಸ್ಸಿನಿಂದ ಬೈದದ್ದು ಯಾವುದು ಅಂತ ಹೇಗೆ ತಿಳಿಯುವುದು? ಗ್ರೀಸ್‌ನಲ್ಲಿ ಇದ್ದವರು ದಯವಿಟ್ಟು ಹೇಳಿ.

ಥೆಸಲೊನೀಕಿ ವಿದ್ಯಾರ್ಥಿ

ಅಕ್ಕಾ, ನಿಮ್ಮ ಯಜಮಾನರು ಹೇಳಿದ್ದು ಸರಿ. ನಾನು ಇಲ್ಲಿ ಭಾಷಾಶಾಸ್ತ್ರ ಓದುತ್ತಿದ್ದೇನೆ. ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ಆ ಬಾಲ ನೋಡಿ. ಅವರು ನಿಮ್ಮನ್ನು ‘ಹಝೀ’ ಅನ್ನಲಿಲ್ಲ, ‘ಹಝೂಲಾ’ ಅಂದರು. ಗ್ರೀಕ್‌ನಲ್ಲಿ ‘ಊಲಾ’, ‘ಊಲಿಸ್’, ‘ಆಕಿ’ ಅನ್ನುವ ಬಾಲಗಳು ಪದವನ್ನು ಪುಟ್ಟದು ಮಾಡುತ್ತವೆ. ಗದರುವ ಪದಕ್ಕೆ ಅಂಟಿಸಿದರೆ ಅದರ ಹಲ್ಲು ಕಿತ್ತ ಹಾಗೆ. ಇಂಥ ರೂಪಗಳಿಗೆ ಅವರ ಭಾಷೆಯಲ್ಲಿ ‘ಹೈದೆಫ್ತಿಕಾ’ ಅಂತ ಹೆಸರು. ‘ಹೈದೆವೊ’ ಅಂದರೆ ಕೈಯಿಂದ ನೇವರಿಸುವುದು. ಅಂದರೆ ಇವು ತಲೆ ಸವರುವ ಪದಗಳು.

ಇನ್ನೊಂದು ಇದೆ, ನಮಗೆ ಕನ್ನಡದವರಿಗೆ ತಕ್ಷಣ ಅರ್ಥವಾಗುವಂಥದ್ದು. ಗ್ರೀಕ್‌ನಲ್ಲಿ ಮೂರು ಲಿಂಗ ಇವೆ. ಗಂಡಸಿಗೆ ‘ಹಝೋಸ್’, ಹೆಂಗಸಿಗೆ ‘ಹಝೀ’. ಆದರೆ ಪ್ರೀತಿಯಿಂದ ಬೈಯುವಾಗ ಎಷ್ಟೋ ಸಲ ನಪುಂಸಕ ಲಿಂಗಕ್ಕೆ ಇಳಿಯುತ್ತಾರೆ. ‘ವ್ರೆ ಹಝೋ’, ‘ಹಝೋ ಮೂ’. ‘ಮೂ’ ಅಂದರೆ ‘ನನ್ನ’. ಇಪ್ಪತ್ತೈದು ವರ್ಷದ ಹುಡುಗಿಗೂ ಹಾಗೇ. ಯಾಕೆಂದರೆ ಮಗು ಅನ್ನುವ ಅವರ ಪದ ‘ಪೆದೀ’ ನಪುಂಸಕ. ನಮ್ಮ ಅಜ್ಜಿಯೂ ಹಾಗೇ ಅಲ್ವಾ? ‘ಎಲ್ಲಿ ಹೋಯ್ತೋ ಅದು, ಪೆದ್ದು, ಇನ್ನೂ ಊಟ ಮಾಡಿಲ್ಲ’ ಅಂತ ಎಷ್ಟು ಸಲ ಕೇಳಿಲ್ಲ! ‘ಅವಳು’ ಹೋಗಿ ‘ಅದು’ ಬಂದ ಕೂಡಲೇ ಮುದ್ದು ಬಂತು. ಎರಡೂ ಭಾಷೆಗೆ ಈ ದಾರಿ ಗೊತ್ತಿದೆ. ನನಗೆ ಇದು ಮೊದಲ ಸಲ ಹೊಳೆದ ದಿನ ತುಂಬಾ ಖುಷಿಯಾಗಿತ್ತು.

ಕೊನೆಯದು, ‘ಹಝೋಸ್’ ಜೊತೆಗೇ ಇರುವ ‘ಹಝೆವೊ’ ಅನ್ನುವ ಕ್ರಿಯಾಪದ. ಸುಮ್ನೆ ಬಾಯಿ ಬಿಟ್ಟುಕೊಂಡು ನೋಡುವುದು, ಕಾಲ ಕಳೆಯುವುದು. ಗ್ರೀಕರು ಕಡಲ ದಡದಲ್ಲಿ ಕೂತು ಸಮುದ್ರವನ್ನು ‘ಹಝೆವೊ’ ಮಾಡುತ್ತಾರೆ, ಅಂಗಡಿ ಗಾಜಿನ ಮುಂದೆ ನಿಂತು ‘ಹಝೆವೊ’ ಮಾಡುತ್ತಾರೆ. ನೀವು ಫೋನ್ ಹಿಡಿದು ಮೈಮರೆತದ್ದೂ ಅದೇ. ಅತ್ತೆ ಸರಿಯಾದ ಪದವನ್ನೇ ಹುಡುಕಿದ್ದಾರೆ.

ಕಾರವಾರದ ನಾವಿಕ

ನಾನು ಹನ್ನೊಂದು ವರ್ಷದಿಂದ ಗ್ರೀಕ್ ಮಾಲೀಕರ ಹಡಗುಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ಪಿರೇಯಸ್ ಬಂದರು ನನಗೆ ಕಾರವಾರದಷ್ಟೇ ಪರಿಚಯ. ಎಂಜಿನ್ ರೂಮಿನಲ್ಲಿ ದಿನಕ್ಕೆ ನೂರು ಸಲ ಕೇಳುವ ಪದ ‘ಮಲಾಕಾ’. ಅದರ ಬಗ್ಗೆ ಇಲ್ಲಿ ಹೇಳಲೇಬೇಕು.

ಇದು ಹುಟ್ಟಿದ್ದು ‘ಮಲಕೋಸ್’, ಅಂದರೆ ಮೆತ್ತಗಿನದು, ಅನ್ನುವ ಹಳೇ ಪದದಿಂದ. ಆಮೇಲೆ ಹಸ್ತಮೈಥುನ ಮಾಡುವವ ಅನ್ನುವ ಕೊಳಕು ಅರ್ಥ ಬಂತು. ಈಗ ಗೆಳೆಯರ ನಡುವೆ ‘ರೆ ಮಲಾಕಾ’ ಅಂದರೆ ನಮ್ಮ ಬೆಂಗಳೂರಿನ ಹುಡುಗರ ‘ಮಗಾ’ ಇದ್ದ ಹಾಗೆ. ಆಶ್ಚರ್ಯಕ್ಕೆ, ಸಂತೋಷಕ್ಕೆ, ಬೇಜಾರಿಗೆ, ಎಲ್ಲದಕ್ಕೂ ಅದೇ. ಆದರೆ ಟ್ರಾಫಿಕ್‌ನಲ್ಲಿ ಕಾರಿನ ಗಾಜು ಇಳಿಸಿ ಅಪರಿಚಿತನಿಗೆ ಅಂದರೆ ಅದು ಅಪ್ಪಟ ಬೈಗುಳ. ಪದ ಒಂದೇ. ದನಿ ಬೇರೆ, ಮುಖ ಬೇರೆ.

ನನ್ನ ಮೊದಲ ಹಡಗಿನಲ್ಲಿ ಚೀಫ್ ಎಂಜಿನಿಯರ್ ಗ್ರೀಕ್ ಮನುಷ್ಯ, ಅರವತ್ತರ ಹತ್ತಿರ. ನಾಲ್ಕು ತಿಂಗಳು ನನ್ನನ್ನು ಹೆಸರು ಹಿಡಿದೇ ಕರೆದರು. ಒಂದು ರಾತ್ರಿ ಪಂಪ್ ಕೆಟ್ಟು ನಾವಿಬ್ಬರೇ ಬೆಳಗಿನ ತನಕ ಅದರ ಕೆಳಗೆ ಮಲಗಿದ್ದೆವು. ಕೊನೆಗೆ ಅದು ಓಡಿತು. ಅವರು ಎಣ್ಣೆ ಕೈಯಿಂದಲೇ ನನ್ನ ಕತ್ತಿನ ಹಿಂದೆ ಒಂದು ಏಟು ಕೊಟ್ಟು, ‘ಬ್ರಾವೊ ರೆ ಮಲಾಕಾ’ ಅಂದರು. ನನಗೆ ಆ ಮಾತು ಇವತ್ತಿಗೂ ಸರ್ಟಿಫಿಕೇಟ್ ಇದ್ದ ಹಾಗೆ.

ಆದರೆ ನಾನು ಅವರನ್ನು ಒಮ್ಮೆಯೂ ಹಾಗೆ ಕರೆಯಲಿಲ್ಲ. ಹೊಸದಾಗಿ ಬರುವ ಹುಡುಗರಿಗೂ ಅದನ್ನೇ ಹೇಳುತ್ತೇನೆ. ಟೂರಿಸ್ಟ್‌ಗಳು ಎರಡನೇ ದಿನವೇ ಈ ಪದ ಕಲಿತು ಹೋಟೆಲ್ ಮಾಣಿಗೆ ಅಂದುಬಿಡುತ್ತಾರೆ. ಅದು ತಪ್ಪು. ಆ ಪದವನ್ನು ಅವರು ಮೊದಲು ನಿಮಗೆ ಕೊಡಬೇಕು.

ಮಂಗಳೂರು ಟೀಚರ್

ಎಲ್ಲರೂ ‘ರೆ’, ‘ವ್ರೆ’ ಅಂತ ಬರೆದಿದ್ದೀರಿ. ಅದು ನಮ್ಮ ‘ಅರೆ’ ಥರ ಬರೀ ಸದ್ದಾ, ಇಲ್ಲ ಅದಕ್ಕೂ ಅರ್ಥ ಇದೆಯಾ?

ಥೆಸಲೊನೀಕಿ ವಿದ್ಯಾರ್ಥಿ

ಟೀಚರ್, ಒಳ್ಳೆ ಪ್ರಶ್ನೆ. ಈ ಎರಡಕ್ಷರದೊಳಗೇ ಒಂದು ಬೈಗುಳ ಇದೆ.

ಹಳೇ ಗ್ರೀಕ್‌ನಲ್ಲಿ ‘ಮೋರೋಸ್’ ಅಂದರೆ ಮೂರ್ಖ. ಕರೆಯುವಾಗ ‘ಮೋರೆ’. ಅದು ಸವೆದು ಸವೆದು ‘ವ್ರೆ’, ‘ರೆ’ ಆಯಿತು. ‘ಮೊರೆ’ ಅನ್ನುವ ಪೂರ್ತಿ ರೂಪವೂ ಇನ್ನೂ ಬಳಕೆಯಲ್ಲಿದೆ. ಗ್ರೀಕರ ಹತ್ತಿರದಿಂದ ಇದು ಬಾಲ್ಕನ್ ಪ್ರದೇಶಕ್ಕೆಲ್ಲ ಹಬ್ಬಿದೆ. ಸರ್ಬಿಯಾ, ಬಲ್ಗೇರಿಯಾ, ರೊಮೇನಿಯಾ, ಟರ್ಕಿಯ ಜನರ ಬಾಯಲ್ಲೂ ‘ಬ್ರೆ’ ಇದೆ. ಅಮೆರಿಕದ ಮನಃಶಾಸ್ತ್ರಜ್ಞ ಗೊಡಾರ್ಡ್ 1910ರಲ್ಲಿ ಇದೇ ಮೂಲದಿಂದ ‘ಮೊರಾನ್’ ಅನ್ನುವ ಇಂಗ್ಲಿಷ್ ಪದ ಕಟ್ಟಿದ. ಅಲ್ಲಿ ಅದು ನೋಯಿಸುವ ಪದವಾಗಿಯೇ ಉಳಿಯಿತು. ಹುಟ್ಟಿದ ಊರಿನಲ್ಲಿ ಮಾತ್ರ ಹೆಚ್ಚುಕಡಿಮೆ ‘ಲೋ’, ‘ಕಣೋ’ ಆಗಿದೆ.

ಇನ್ನೂ ಚೆಂದದ್ದು ‘ಮೊರೋ’. ಈಗಿನ ಗ್ರೀಕ್‌ನಲ್ಲಿ ಹಾಗಂದರೆ ಹಸುಗೂಸು. ಅದೂ ಅದೇ ಬೇರಿನದು. ಬುದ್ಧಿ ಇಲ್ಲದ್ದು, ಇನ್ನೂ ತಿಳಿಯದ್ದು, ಹಾಗಾಗಿ ಕೂಸು. ಪ್ರೇಮಿಗಳು ಒಬ್ಬರನ್ನೊಬ್ಬರು ‘ಮೊರೋ ಮೂ’ ಅಂತ ಕರೆಯುತ್ತಾರೆ.

ಮಂಗಳೂರು ಟೀಚರ್

ಮೈ ಜುಂ ಅಂತು. ನಾನು ಚರ್ಚ್‌ಗೆ ಹೋಗುವವಳು. ಮತ್ತಾಯನ ಸುವಾರ್ತೆ 5ನೇ ಅಧ್ಯಾಯ, 22ನೇ ವಚನದಲ್ಲಿ ಯೇಸು, ಸಹೋದರನನ್ನು ಮೂರ್ಖ ಅನ್ನುವವನು ನರಕದ ಬೆಂಕಿಗೆ ಗುರಿಯಾಗುತ್ತಾನೆ ಅನ್ನುತ್ತಾನೆ. ಗ್ರೀಕ್ ಮೂಲದಲ್ಲಿ ಅಲ್ಲಿರುವುದು ಇದೇ ‘ಮೋರೆ’ ಅಂತ ಈಗ ನೋಡಿಕೊಂಡೆ. ಆ ವಚನವನ್ನು ಚರ್ಚ್‌ನಲ್ಲಿ ಕೇಳಿ, ಹೊರಗೆ ಬಂದು ತಮ್ಮನಿಗೆ ‘ಇಲ್ಲಿ ಬಾ ರೆ’ ಅನ್ನುತ್ತಾರೆ! ಎರಡು ಸಾವಿರ ವರ್ಷದಲ್ಲಿ ಒಂದು ಪದ ಎಷ್ಟು ದೂರ ನಡೆದಿದೆ.

ಲಿಮಸೋಲ್ ಗೆಳತಿ

ನಾನು ಸೈಪ್ರಸ್‌ನವಳು, ಅಂದರೆ ಕೆಲಸಕ್ಕೆ ಬಂದು ಆರು ವರ್ಷ. ಒಂದು ಎಚ್ಚರಿಕೆ ಹೇಳಬೇಕು, ಸಿಹಿ ಮಾತ್ರ ಬರೆದರೆ ಸಾಲದು.

‘ಮೊರೆ’ ಗಂಡಸಿಗೆ ಹಗುರ. ಅದರ ಹೆಣ್ಣು ರೂಪ ‘ಮೊರೀ’ ಹಗುರ ಅಲ್ಲ. ಗೆಳತಿಯರು ತಮ್ಮತಮ್ಮಲ್ಲಿ ‘ಮೊರೀ’ ಅಂದುಕೊಂಡರೆ ನಮ್ಮ ‘ಲೇ’, ‘ಕಣೇ’ ಇದ್ದ ಹಾಗೆ. ಅದನ್ನೇ ಗಂಡಸೊಬ್ಬ ಸಿಟ್ಟಿನಲ್ಲಿ ಅಂದರೆ ತುಂಬಾ ಕೀಳಾಗಿ ಕೇಳುತ್ತದೆ. ನನಗೆ ಒಮ್ಮೆ ಕೆಲಸದ ಜಾಗದಲ್ಲಿ ಒಬ್ಬ ಹಾಗೆ ಅಂದ. ಪಕ್ಕದಲ್ಲಿದ್ದ ಸೈಪ್ರಸ್‌ನ ಹುಡುಗಿ ನನಗಿಂತ ಮೊದಲು ಎದ್ದು ನಿಂತಳು. ಒಂದೇ ಬೇರಿನ ಪದ ಗಂಡಸಿಗೆ ಮುದ್ದು, ಹೆಂಗಸಿಗೆ ಏಟು. ಇದನ್ನು ‘ಅವರ ಸಂಸ್ಕೃತಿಯೇ ಹಾಗೆ’ ಅಂತ ಬಿಟ್ಟುಬಿಡಬಾರದು.

ಕಿಪ್ಸೇಲಿಯವರೇ, ನಿಮ್ಮ ಅತ್ತೆ ಒಳ್ಳೆಯವರೇ ಇರಬಹುದು. ಆದರೂ ನಿಮಗೆ ನೋವಾಗಿದ್ದರೆ ಅದೂ ನಿಜವೇ. ನಿದ್ದೆಗೆಟ್ಟದ್ದು ನಿಮ್ಮ ತಪ್ಪಲ್ಲ.

ಸೈಪ್ರಸ್ ಕಡೆ ಮಾತು ಸ್ವಲ್ಪ ಬೇರೆ. ಹುಚ್ಚನಿಗೆ ‘ಪೆಲ್ಲೋಸ್’. ‘ರೆ ಪೆಲ್ಲೆ’ ಅಂದರೆ ನಮ್ಮ ‘ಹುಚ್ಚಪ್ಪಾ’. ಕ್ರೀಟ್ ದ್ವೀಪದವರು ಅದಕ್ಕೇ ‘ಕುಝುಲೋಸ್’ ಅನ್ನುತ್ತಾರೆ.

ಶಿರಸಿ ಮಾಣಿ

ನಾನು ಗ್ರೀಸ್ ನೋಡಿಲ್ಲ, ಆದರೆ ಓದುತ್ತಾ ಕೂತಿದ್ದೇನೆ. ಅಲ್ಲಿ ಪ್ರಾಣಿಗಳ ಹೆಸರಿನಲ್ಲಿ ಬೈಯುವುದಿಲ್ಲವಾ? ನಮ್ಮಲ್ಲಿ ಕತ್ತೆ, ಕೋತಿ, ಗೂಬೆ ಇಲ್ಲದೆ ಯಾರ ಬಾಲ್ಯವೂ ಮುಗಿಯುವುದಿಲ್ಲ.

ಕಾರವಾರದ ನಾವಿಕ

ಇದೆ ಮಾಣಿ, ಬೇಕಾದಷ್ಟಿದೆ. ಆದರೆ ಕತ್ತೆಯ ವಿಷಯದಲ್ಲಿ ಹುಷಾರು. ನಮ್ಮಲ್ಲಿ ಕತ್ತೆ ಅಂದರೆ ದಡ್ಡ. ಅವರಲ್ಲಿ ‘ಗೈದೂರಿ’ ಅಂದರೆ ದಡ್ಡ ಅಲ್ಲ, ಮರ್ಯಾದೆ ಇಲ್ಲದವ. ಬಸ್ಸಿನಲ್ಲಿ ಮುದುಕಿಗೆ ಸೀಟು ಬಿಡದವ ಗೈದೂರಿ. ಅಂಥ ಕೆಲಸಕ್ಕೆ ‘ಗೈದುರಿಯಾ’ ಅಂತ ಹೆಸರೇ ಇದೆ. ಇದು ಬೇಗ ನೋಯಿಸುತ್ತದೆ. ಅದೇ ಪ್ರಾಣಿಯ ತಾಳ್ಮೆಯನ್ನು ಮಾತ್ರ ಹೊಗಳುತ್ತಾರೆ. ಮೊಂಡನಿಗೆ ಹೇಸರಗತ್ತೆ, ‘ಮುಲಾರಿ’. ಸೈನ್ಯಕ್ಕೆ ಹೊಸದಾಗಿ ಸೇರಿದ ಹುಡುಗನಿಗೆ ‘ಪ್ಸಾರಿ’, ಅಂದರೆ ಮೀನು. ಅಲ್ಲಿ ಗಂಡುಮಕ್ಕಳಿಗೆ ಸೈನ್ಯ ಕಡ್ಡಾಯ, ಹಾಗಾಗಿ ಎಲ್ಲ ಗಂಡಸರೂ ಒಂದು ಕಾಲಕ್ಕೆ ಮೀನಾಗಿದ್ದವರೇ.

ಥೆಸಲೊನೀಕಿ ವಿದ್ಯಾರ್ಥಿ

ಗೂಬೆಯ ಬಗ್ಗೆ ನಾನು ಹೇಳಬೇಕು! ಗ್ರೀಕರಿಗೆ ಗೂಬೆ ಎರಡು. ಚಿಕ್ಕ ಗೂಬೆ ‘ಕುಕುವಾಯಾ’. ಅದು ಅಥೀನಾ ದೇವಿಯ ಹಕ್ಕಿ, ಬುದ್ಧಿಯ ಗುರುತು. ಕ್ರಿಸ್ತಪೂರ್ವ 5ನೇ ಶತಮಾನದ ಅಥೆನ್ಸ್ ನಾಣ್ಯದಲ್ಲಿದ್ದ ಆ ಗೂಬೆಯೇ ಈಗ ಗ್ರೀಸ್‌ನ 1 ಯೂರೊ ನಾಣ್ಯದ ಮೇಲೂ ಇದೆ. ದೊಡ್ಡ ಕೊಂಬಿನ ಗೂಬೆ ‘ಬೂಫೋಸ್’. ಅದು ಪಕ್ಕಾ ದಡ್ಡ. ಕ್ಲಾಸಿನಲ್ಲಿ ಬಾಯಿ ಬಿಟ್ಟು ಕೂತವನಿಗೆ ‘ಬೂಫೆ!’. ನಮ್ಮ ಮೇಷ್ಟ್ರು ‘ಗೂಬೆ!’ ಅಂದ ಹಾಗೇ ಕೇಳುತ್ತದೆ. ನನಗೆ ಮೊದಲ ಸಲ ಕನ್ನಡವೇ ಕೇಳಿಸಿತು ಅನ್ನಿಸಿ ತಿರುಗಿ ನೋಡಿದ್ದೆ.

ಓದಿನಲ್ಲಿ ಹಿಂದಿರುವವನಿಗೆ ‘ತೂವ್ಲೊ’, ಇಟ್ಟಿಗೆ. ಇಲ್ಲವೇ ‘ಕೂತ್ಸುರೊ’, ಮರದ ಕೊರಡು. ಎಲ್ಲೋ ಕಳೆದುಹೋದ ಹಾಗಿರುವವನಿಗೆ ‘ಊಫೊ’, ಅಂದರೆ ಹಾರುವ ತಟ್ಟೆ. ತುಂಟ ಮಗುವಿಗೆ ‘ಝಿಝಾನಿಯೊ’. ಟೀಚರ್, ಇದೂ ಸುವಾರ್ತೆಯ ಪದವೇ. ಗೋಧಿ ಹೊಲದಲ್ಲಿ ವೈರಿ ಬಿತ್ತಿದ ಕಳೆಯ ಕಥೆ ನೆನಪಿದೆಯಲ್ಲ, ಆ ಕಳೆ.

ಕಿಪ್ಸೇಲಿ ಸೊಸೆ

ಎಲ್ಲರಿಗೂ ಧನ್ಯವಾದ. ಗೆಳತಿಯವರೇ, ನಿಮ್ಮ ಮಾತಿಗೆ ವಿಶೇಷವಾಗಿ. ಓದುತ್ತಾ ಮನಸ್ಸು ಹಗುರಾಯಿತು.

ಸೊಪ್ಪಿನ ಹೆಸರಲ್ಲೂ ಬೈಯುತ್ತಾರೆ ಅಂತ ನಿಮಗೆ ಗೊತ್ತಾ? ನಿನ್ನೆ ಶನಿವಾರ ಅತ್ತೆ ಜೊತೆ ‘ಲೈಕೀ’ಗೆ ಹೋಗಿದ್ದೆ. ವಾರಕ್ಕೊಮ್ಮೆ ಬೀದಿಯಲ್ಲಿ ಕೂರುವ ಸಂತೆ. ಒಂದು ಕಡೆ ಹಸಿರು ಸೊಪ್ಪಿನ ರಾಶಿ. ದಂಟು ಮುರಿದು ಮೂಸಿ ನೋಡಿದೆ. ನಮ್ಮ ದಂಟಿನ ಸೊಪ್ಪು! ಕಣ್ಣಲ್ಲಿ ನೀರು ಬಂತು. ಎಂಟು ತಿಂಗಳಲ್ಲಿ ಮೊದಲ ಸಲ ಊರಿನ ಸೊಪ್ಪು ಕಂಡದ್ದು. ಇಲ್ಲಿ ಇದಕ್ಕೆ ‘ವ್ಲೀತಾ’ ಅಂತಾರೆ. ಬೇಸಿಗೆಯಲ್ಲಿ ಬೇಯಿಸಿ, ಆಲಿವ್ ಎಣ್ಣೆ, ನಿಂಬೆರಸ ಹಾಕಿ ತಿನ್ನುತ್ತಾರೆ. ನಾನು ಎರಡು ಕಂತೆ ತಬ್ಬಿಕೊಂಡು ನಿಂತದ್ದು ನೋಡಿ ಮಾರುವವನು ಅತ್ತೆಗೆ ಏನೋ ಹೇಳಿದ. ಅತ್ತೆ ಅವನಿಗೆ ‘ವ್ಲೀತೊ ನೀನು!’ ಅಂದರು. ಇಬ್ಬರೂ ನಕ್ಕರು. ಯಾಕೆ ಹಾಗಂದರು?

ಶಿರಸಿ ಮಾಣಿ

ನಮ್ಮ ಕಡೆ ಅದು ಹರಿವೆ. ಹರಿವೆ ಸೊಪ್ಪು ಅಂತ ಬೈಸಿಕೊಳ್ಳುವುದಾದರೆ ನಾನು ದಿನಾ ಬೈಸಿಕೊಳ್ಳುತ್ತೇನೆ. ಅಕ್ಕಾ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪಲ್ಯ ಮಾಡಿ ಅತ್ತೆಗೆ ಬಡಿಸಿ.

ಥೆಸಲೊನೀಕಿ ವಿದ್ಯಾರ್ಥಿ

ಬರೀ ಬೇಯಿಸಿದರೆ ಆ ಸೊಪ್ಪು ಸಪ್ಪೆ, ಹಾಗಾಗಿ ‘ವ್ಲೀತೊ’ ಅಂದರೆ ಸಪ್ಪೆ ಬುದ್ಧಿಯವ, ಪೆದ್ದ. ತುಂಬಾ ಹಳೇ ಬೈಗುಳ ಇದು. ಅರಿಸ್ಟೊಫನೀಸ್‌ನ ‘ಮೋಡಗಳು’ ನಾಟಕ ಕ್ರಿಸ್ತಪೂರ್ವ 423ರಲ್ಲಿ ಅಥೆನ್ಸ್‌ನಲ್ಲೇ ಆಡಿದ್ದು. ಅದರಲ್ಲಿ ಒಂದು ಪಾತ್ರ ಹುಡುಗನೊಬ್ಬನನ್ನು ಕೆಡಿಸಲು ನೋಡುತ್ತದೆ. ಹಳೇ ಕಾಲದವರ ಮಾತು ಕೇಳಿದರೆ ಜನ ನಿನ್ನನ್ನು ‘ವ್ಲಿತೊಮಾಮಾಸ್’ ಅಂತಾರೆ ಅಂತ ಚುಚ್ಚುತ್ತದೆ. ಅದರ ಮೊದಲರ್ಧ ಇದೇ ಸೊಪ್ಪು. ಅಂದರೆ ನಿಮ್ಮ ಅತ್ತೆ ಸಂತೆಯಲ್ಲಿ ಅಂದ ಬೈಗುಳಕ್ಕೆ ಎರಡು ಸಾವಿರದ ನಾನೂರು ವರ್ಷಕ್ಕಿಂತ ಜಾಸ್ತಿ ವಯಸ್ಸು. ಅದೇ ಊರು, ಅದೇ ಸೊಪ್ಪು.

ಲಿಮಸೋಲ್ ಗೆಳತಿ

ಹಿರಿಯರು ಬೈಯುವ ಇನ್ನೊಂದು ರೀತಿ ನನಗೆ ತುಂಬಾ ಇಷ್ಟ. ಬೈಯಲು ಬಾಯಿ ತೆರೆದು, ಕೊನೇ ಗಳಿಗೆಯಲ್ಲಿ ಹರಸಿಬಿಡುವುದು. ‘ದೆವ್ವದ ಹತ್ತಿರ ಹೋಗು’ ಅನ್ನಬೇಕಾದಲ್ಲಿ ‘ಆಯ್ ಸ್ತೊ ಕಲೊ’ ಅನ್ನುತ್ತಾರೆ, ಒಳ್ಳೇದರ ಕಡೆ ಹೋಗು. ‘ದೆವ್ವ ನಿನ್ನನ್ನು ಒಯ್ಯಲಿ’ ಅನ್ನಬೇಕಾದಲ್ಲಿ ‘ಆಶೀರ್ವಾದ ನಿನ್ನನ್ನು ಒಯ್ಯಲಿ’. ತಡವಾಗಿ ಬಂದವನಿಗೆ ‘ವ್ರೆ ಎವ್ಲೊಯಿಮೆನೆ!’, ಅಂದರೆ ಆಶೀರ್ವಾದ ಪಡೆದವನೇ. ನಮ್ಮ ಅಪ್ಪ ‘ಪುಣ್ಯಾತ್ಮಾ, ಎಲ್ಲಿ ಹಾಳಾಗಿ ಹೋಗಿದ್ದೆ?’ ಅನ್ನುವುದು ಇದೇ ದನಿಯಲ್ಲಿ. ಕೇಳಿದಾಗಲೆಲ್ಲ ಅಪ್ಪ ನೆನಪಾಗುತ್ತಾರೆ.

ಮಂಗಳೂರು ಟೀಚರ್

ಕೈಸನ್ನೆ ಬೈಗುಳ ಏನಾದರೂ ಇದೆಯಾ? ನನ್ನ ಮಗ ಮುಂದಿನ ತಿಂಗಳು ಅಥೆನ್ಸ್‌ಗೆ ಹೋಗುತ್ತಿದ್ದಾನೆ.

ಕಾರವಾರದ ನಾವಿಕ

ಮೇಡಂ, ಇದನ್ನು ಖಂಡಿತ ಹೇಳಿ ಕಳಿಸಿ. ಐದು ಬೆರಳು ಅಗಲಿಸಿ ಅಂಗೈಯನ್ನು ಯಾರ ಮುಖದ ಕಡೆಗೂ ತೋರಿಸಬಾರದು. ಅದಕ್ಕೆ ‘ಮೂಂದ್ಝಾ’ ಅಂತಾರೆ, ದೊಡ್ಡ ಅವಮಾನ. ನಾವು ‘ಐದು’ ಅಂತ ತೋರಿಸಲು, ‘ನಿಲ್ಲಿ’ ಅನ್ನಲು ಸಹಜವಾಗಿ ಎತ್ತುವ ಕೈ ಅದು. ಬೈಜಾಂಟಿಯಂ ಕಾಲದಲ್ಲಿ, ಅಂದರೆ ಮಧ್ಯಯುಗದ ಗ್ರೀಕ್ ಸಾಮ್ರಾಜ್ಯದ ಕಾಲದಲ್ಲಿ, ತಪ್ಪಿತಸ್ಥನನ್ನು ಕತ್ತೆ ಮೇಲೆ ಹಿಂದುಮುಂದಾಗಿ ಕೂರಿಸಿ, ಅಂಗೈಯಿಂದ ಮುಖಕ್ಕೆ ಮಸಿ ಬಳಿದು ಮೆರವಣಿಗೆ ಮಾಡುತ್ತಿದ್ದರು, ಅಲ್ಲಿಂದ ಬಂತು ಅಂತ ಹೇಳುತ್ತಾರೆ. ಮಸಿ ಬಳಿದು ಕತ್ತೆ ಮೇಲೆ ಮೆರವಣಿಗೆ ನಮಗೂ ಹೊಸದಲ್ಲವಲ್ಲ. ಐದು ಅಂತ ತೋರಿಸುವಾಗ ಅಂಗೈ ತನ್ನ ಕಡೆಗೇ ಇರಲಿ.

ಇನ್ನೊಂದು, ಮಗುವನ್ನು ನೋಡಿ ಯಾರಾದರೂ ‘ಫ್ತೂ ಫ್ತೂ’ ಅಂತ ಉಗುಳಿದ ಹಾಗೆ ಮಾಡಿದರೆ ಬೇಜಾರಾಗಬಾರದು. ಅದು ದೃಷ್ಟಿ ತಾಗದಿರಲಿ ಅಂತ.

ಶಿರಸಿ ಮಾಣಿ

ಒಂದೇ ಪ್ರಶ್ನೆ. ಬೈಸಿಕೊಂಡದ್ದಾಯಿತು. ನಾವು ತಿರುಗಿ ಯಾವಾಗ ಬೈಯಬಹುದು?

ಥೆಸಲೊನೀಕಿ ವಿದ್ಯಾರ್ಥಿ

ಅವರಲ್ಲೂ ‘ನೀನು’, ‘ನೀವು’ ಬೇರೆ ಬೇರೆ ಇದೆ. ‘ಎಸೀ’ ಅಂದರೆ ನೀನು, ‘ಎಸೀಸ್’ ಅಂದರೆ ನೀವು. ‘ರೆ’ ಹೊಂದುವುದು ‘ನೀನು’ ಅನ್ನುವಷ್ಟು ಸಲುಗೆ ಇರುವವರ ಜೊತೆ ಮಾತ್ರ. ಪ್ರೊಫೆಸರಿಗೆ, ಪಾದ್ರಿಗೆ, ಬ್ಯಾಂಕಿನವರಿಗೆ ‘ರೆ’ ಅಂದರೆ ಕೆಟ್ಟಿತು. ಅಪ್ಪ ಅಮ್ಮನಿಗೆ ‘ರೆ’ ಅಂದರೂ ಎಷ್ಟೋ ಮನೆಗಳಲ್ಲಿ ಗದರುತ್ತಾರೆ. ‘ವ್ರೆ’ ಸ್ವಲ್ಪ ಮೆತ್ತಗೆ. ‘ವ್ರೆ ಮಮಾ’ ಅಂದರೆ ‘ಅಯ್ಯೋ ಅಮ್ಮಾ’ ಅಂದ ಹಾಗೆ ಇರುತ್ತದೆ. ಕಿಪ್ಸೇಲಿ ಅಕ್ಕಾ, ನೀವು ಅಲ್ಲಿಂದ ಶುರು ಮಾಡಬಹುದು.

ಕಿಪ್ಸೇಲಿ ಸೊಸೆ

ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ. ಮಾಣಿ ಹೇಳಿದ ಹಾಗೆ ದಂಟಿನ ಸೊಪ್ಪಿನ ಪಲ್ಯ ಮಾಡಿದೆ. ಒಣಮೆಣಸಿನಕಾಯಿ ಒಂದೇ ಹಾಕಿದ್ದೆ, ಅತ್ತೆಗೆ ಖಾರ ಆಗಲ್ಲ ಅಂತ. ಅವರು ಒಂದು ತುತ್ತು ಬಾಯಿಗಿಟ್ಟು ತಲೆ ತೂಗಿದರು. ಆಮೇಲೆ ಎದ್ದು ಫ್ರಿಜ್‌ನಿಂದ ನಿಂಬೆಹಣ್ಣು ತೆಗೆದರು. ಕೇಳದೆ ಇಡೀ ಪಲ್ಯದ ಮೇಲೆ ಹಿಂಡಿದರು. ನನಗೆ ತಡೆಯಲಾಗಲಿಲ್ಲ. ಬಾಯಿಂದ ತಾನಾಗಿ ಬಂತು, ‘ವ್ರೆ ಮಮಾ!’

ಅವರ ಕೈ ನಿಂಬೆಯ ಮೇಲೇ ನಿಂತಿತು. ಇಷ್ಟು ದಿನ ನಾನು ಅವರನ್ನು ‘ಎಸೀಸ್’ ಅಂತಲೇ ಮಾತಾಡಿಸಿದ್ದೆ, ಅಮ್ಮ ಅಂತ ಒಮ್ಮೆಯೂ ಕರೆದಿರಲಿಲ್ಲ. ಒಂದು ಕ್ಷಣ ನನ್ನನ್ನೇ ನೋಡಿದರು. ಆಮೇಲೆ ನಿಂಬೆಯ ಒದ್ದೆ ಕೈಯಲ್ಲೇ ನನ್ನ ಕೆನ್ನೆ ಹಿಂಡಿ, ‘ಫ್ತೂ ಸೂ, ಝಿಝಾನಿಯೊ’ ಅಂದರು. ಮಿಕ್ಕ ಅರ್ಧ ನಿಂಬೆಯನ್ನೂ ಹಿಂಡಿದರು. ಪಲ್ಯ ಹುಳಿಯಾಗಿತ್ತು. ಇಬ್ಬರೂ ಬಾಣಲೆ ಖಾಲಿ ಮಾಡಿದೆವು.